ಪರದೆಯಿಂದ ಜಾಲಸೇವೆಗೆ: ಹಳೆಯ ಟರ್ಮಿನಲ್ ಕ್ರಮವಿಧಿಗಳ ಮರುಬಳಕೆಯ ಚರಿತ್ರೆ

ಪೀಠಿಕೆ

ಗಣಕ ವಿಜ್ಞಾನದ ಚರಿತ್ರೆಯನ್ನು ಹೊಸ ಯಂತ್ರಗಳ ಆಗಮನದ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಮೊದಲು ಮೇನ್‌ಫ್ರೇಮ್ ಬಂದಿತು, ಅದರ ಸ್ಥಾನದಲ್ಲಿ ವೈಯಕ್ತಿಕ ಗಣಕ ಬಂದಿತು, ಆಮೇಲೆ ಅಂತರಜಾಲ ಬಂದಿತು ಎಂಬ ನಿರೂಪಣೆಯಿಂದ, ಒಂದೊಂದು ಯುಗವೂ ಹಿಂದಿನದನ್ನು ಅಳಿಸಿಹಾಕಿತೆಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ನಡೆದುದು ಹಾಗಲ್ಲ. ಬ್ಯಾಂಕು, ವಿಮಾ ಸಂಸ್ಥೆ, ವಿಮಾನಯಾನ, ರೈಲ್ವೆ, ತೆರಿಗೆ ಇಲಾಖೆ ಮುಂತಾದ ಕಡೆ 1960 ಮತ್ತು 1970ರ ದಶಕಗಳಲ್ಲಿ ಬರೆದ ಕ್ರಮವಿಧಿಗಳು ನಿಂತುಹೋಗಲಿಲ್ಲ; ಅವುಗಳ ಮುಂದಿದ್ದ ಟರ್ಮಿನಲ್ ಮಾತ್ರ ಮರೆಯಾಯಿತು. ಗ್ರಾಹಕನು ಇಂದು ಜಾಲತಾಣದಲ್ಲಿಯೋ ಸಂಚಾರಿ ದೂರವಾಣಿಯಲ್ಲಿಯೋ ಒಂದು ಗುಂಡಿಯನ್ನು ಒತ್ತಿದಾಗ, ಆ ಕೋರಿಕೆಯು ಹಲವು ಪದರಗಳನ್ನು ದಾಟಿ, ಗುಮಾಸ್ತನೊಬ್ಬ ಹಸಿರು ಅಕ್ಷರಗಳ ಪರದೆಯ ಮುಂದೆ ಕುಳಿತು ನಡೆಸಲೆಂದು ರಚಿಸಲಾಗಿದ್ದ ಕ್ರಮವಿಧಿಯನ್ನೇ ತಲಪುವುದು ಇಂದಿಗೂ ಅಪರೂಪವಲ್ಲ.

ಹೀಗೆ ಪರದೆಗಾಗಿ ಬರೆದ ಕ್ರಮವಿಧಿಯನ್ನು ಪರದೆಯಿಲ್ಲದೆ, ಮತ್ತೊಂದು ಯಂತ್ರವು ಕರೆಯಬಲ್ಲ ಜಾಲಸೇವೆಯಾಗಿ ತೆರೆದಿಟ್ಟ ಪ್ರಯತ್ನಗಳಿಗೆ ಸುಮಾರು ನಾಲ್ಕು ದಶಕಗಳ ಚರಿತ್ರೆಯಿದೆ. ಈ ಚರಿತ್ರೆಯ ಘಟ್ಟಗಳನ್ನು ಗುರುತಿಸುವುದು, ಪ್ರತಿ ಘಟ್ಟದಲ್ಲಿಯೂ ಏನು ಉಳಿಯಿತು, ಏನು ಕಳೆದುಹೋಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರದೆಯ ಹುಟ್ಟು

ದೂರದ ಕಚೇರಿಗಳಿಂದ ಕೇಂದ್ರ ಗಣಕದೊಡನೆ ನೇರವಾಗಿ ವ್ಯವಹರಿಸುವ ವಾಣಿಜ್ಯ ವ್ಯವಸ್ಥೆಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಗಾಗಿ ಐಬಿಎಂ ರಚಿಸಿದ ‘ಸೇಬರ್’ ಪ್ರಸಿದ್ಧವಾದುದು. 1964ರ ಹೊತ್ತಿಗೆ ಪೂರ್ಣ ಬಳಕೆಗೆ ಬಂದ ಈ ಆಸನ ಕಾಯ್ದಿರಿಸುವ ವ್ಯವಸ್ಥೆಯು ನ್ಯೂಯಾರ್ಕ್ ರಾಜ್ಯದ ಬ್ರಯರ್‌ಕ್ಲಿಫ್ ಮ್ಯಾನರ್‌ನಲ್ಲಿದ್ದ ಎರಡು ಐಬಿಎಂ 7090 ಗಣಕಗಳ ಮೇಲೆ ನಡೆಯುತ್ತಿತ್ತು. ಅದರ ಮೊದಲ ಉಪಕರಣಗಳಲ್ಲಿ ಚಿತ್ರಪರದೆ ಇರಲಿಲ್ಲ. ಉತ್ತರವು ಬೆರಳಚ್ಚು ಯಂತ್ರದಿಂದ ಕಾಗದದ ಮೇಲೆ ಮೂಡುತ್ತಿತ್ತು. ಗುಮಾಸ್ತನು ಸಂಕೇತಾಕ್ಷರಗಳ ಚಿಕ್ಕ ಆಜ್ಞೆಯನ್ನು ಒತ್ತಿದರೆ ಕೆಲವೇ ಕ್ಷಣಗಳಲ್ಲಿ ಉತ್ತರ ಬರುವ ಈ ಪದ್ಧತಿಯೇ ಮುಂದಿನ ಎಲ್ಲ ವ್ಯವಸ್ಥೆಗಳಿಗೆ ಮಾದರಿಯಾಯಿತು.

ಪ್ರತಿಯೊಂದು ಸಂಸ್ಥೆಯೂ ಇಂತಹ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟಿಕೊಳ್ಳುವುದು ಸಾಧ್ಯವಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ಐಬಿಎಂನ ಸಿಐಸಿಎಸ್ ಎಂಬ ವ್ಯವಹಾರ ನಿರ್ವಹಣಾ ತಂತ್ರಾಂಶ. ವಿದ್ಯುತ್ ಮೊದಲಾದ ಸಾರ್ವಜನಿಕ ಸೇವಾ ಕಂಪನಿಗಳ ಗ್ರಾಹಕ ಮಾಹಿತಿಗಾಗಿ ಆರಂಭವಾದ ಈ ಕಾರ್ಯವು 1969ರ ಜುಲೈ 8ರಂದು ಎಲ್ಲರಿಗೂ ದೊರೆಯುವ ಉತ್ಪನ್ನವಾಯಿತು. 1974ರಲ್ಲಿ ಅದರ ಅಭಿವೃದ್ಧಿಯ ಹೊಣೆ ಇಂಗ್ಲೆಂಡಿನ ಹರ್ಸ್ಲಿ ಪ್ರಯೋಗಾಲಯಕ್ಕೆ ವರ್ಗವಾಯಿತು. ಅಲ್ಲಿನವರ ಬಾಯಲ್ಲಿ ಅದು ‘ಕಿಕ್ಸ್’. ನೂರಾರು ಟರ್ಮಿನಲ್‌ಗಳಿಂದ ಏಕಕಾಲಕ್ಕೆ ಬರುವ ಕೋರಿಕೆಗಳನ್ನು ಸ್ವೀಕರಿಸಿ, ಒಂದೊಂದಕ್ಕೂ ತಕ್ಕ ಕ್ರಮವಿಧಿಯನ್ನು ಕರೆದು, ದತ್ತಾಂಶವು ಅರ್ಧಂಬರ್ಧ ಬದಲಾಗದಂತೆ ಕಾಯುವುದು ಅದರ ಕೆಲಸ. ಕ್ರಮವಿಧಿಗಳಲ್ಲಿ ಬಹುಪಾಲು ಕೋಬಾಲ್ ಭಾಷೆಯಲ್ಲಿದ್ದವು.

1971ರಲ್ಲಿ ಐಬಿಎಂ ಪ್ರಕಟಿಸಿದ 3270 ಟರ್ಮಿನಲ್ ಕುಟುಂಬವು ಈ ವ್ಯವಸ್ಥೆಗೆ ಕಣ್ಣು ಮತ್ತು ಕೈಗಳನ್ನು ಒದಗಿಸಿತು. ಹೆಚ್ಚು ಬಳಕೆಗೆ ಬಂದ ಮಾದರಿಯ ಪರದೆಯಲ್ಲಿ 24 ಸಾಲುಗಳು, ಸಾಲಿಗೆ 80 ಅಕ್ಷರಗಳು, ಒಟ್ಟು 1920 ಅಕ್ಷರಗಳಿಗೆ ಸ್ಥಳವಿತ್ತು. ಈ 80ರ ಸಂಖ್ಯೆಯು 1928ರಲ್ಲಿ ಐಬಿಎಂ ರೂಪಿಸಿದ 80 ಅಂಕಣಗಳ ರಂಧ್ರಪತ್ರದ ಅಳತೆಯೇ ಆಗಿದೆ. ಕಾಗದದ ಪತ್ರವು ಗಾಜಿನ ಮೇಲೆ ಏರಿ ಕುಳಿತಿತೆನ್ನಬಹುದು.

3270ರ ಕಾರ್ಯವಿಧಾನವನ್ನು ತಿಳಿಯದೆ ಮುಂದಿನ ಚರಿತ್ರೆ ಅರ್ಥವಾಗದು. ಸಾಮಾನ್ಯ ಟೆಲಿಟೈಪ್ ಮಾದರಿಯ ಟರ್ಮಿನಲ್‌ನಲ್ಲಿ ಒತ್ತಿದ ಒಂದೊಂದು ಅಕ್ಷರವೂ ಕೂಡಲೇ ಕೇಂದ್ರ ಗಣಕಕ್ಕೆ ಹೋಗುತ್ತದೆ. 3270ರಲ್ಲಿ ಹಾಗಿಲ್ಲ. ಕೇಂದ್ರ ಗಣಕವು ಇಡೀ ಪರದೆಯನ್ನು ಒಂದು ನಮೂನೆಯಾಗಿ ಕಳುಹಿಸುತ್ತದೆ. ನಮೂನೆಯಲ್ಲಿ ತುಂಬಬಹುದಾದ ಕ್ಷೇತ್ರಗಳೂ ಮುಟ್ಟಬಾರದ ಕ್ಷೇತ್ರಗಳೂ ಇರುತ್ತವೆ. ಗುಮಾಸ್ತನು ತುಂಬುವವರೆಗೆ ಕೇಂದ್ರ ಗಣಕಕ್ಕೆ ಯಾವ ಸುದ್ದಿಯೂ ತಲಪುವುದಿಲ್ಲ. ಆತ ‘ಎಂಟರ್’ ಕೀಲಿಯನ್ನೋ ಸಂಖ್ಯೆಯುಳ್ಳ ಕಾರ್ಯಕೀಲಿಯನ್ನೋ ಒತ್ತಿದಾಗ, ಬದಲಾದ ಕ್ಷೇತ್ರಗಳು ಮಾತ್ರ ಒತ್ತಿದ ಕೀಲಿಯ ಗುರುತಿನೊಡನೆ ಒಂದೇ ಕಂತೆಯಾಗಿ ಹೋಗುತ್ತವೆ. ದುಬಾರಿಯಾಗಿದ್ದ ದೂರಸಂಪರ್ಕ ಮಾರ್ಗವನ್ನೂ ಕೇಂದ್ರ ಗಣಕದ ಸಮಯವನ್ನೂ ಉಳಿಸಲು ಈ ಉಪಾಯ. ಎರಡು ದಶಕಗಳ ನಂತರ ಜಾಲಪುಟಗಳಲ್ಲಿ ಬಂದ ಅರ್ಜಿ ನಮೂನೆಯೂ ಇದೇ ತತ್ತ್ವವನ್ನು ಅನುಸರಿಸಿತೆಂಬುದು ಗಮನಾರ್ಹ.

ಪರದೆಯೊಳಗೆ ಸಿಕ್ಕಿಕೊಂಡ ನಿಯಮಗಳು

ನೂರಾರು ಜನರು ಒಂದೇ ಗಣಕವನ್ನು ಹಂಚಿಕೊಳ್ಳುವಾಗ, ಗುಮಾಸ್ತನು ಯೋಚಿಸುತ್ತ ಕುಳಿತಿರುವಷ್ಟು ಹೊತ್ತೂ ಆತನ ಕ್ರಮವಿಧಿಯನ್ನು ಸ್ಮೃತಿಕೋಶದಲ್ಲಿ ಇರಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಸಿಐಸಿಎಸ್ ಬಳಸುವವರು ಒಂದು ವಿಶಿಷ್ಟ ರೂಢಿಯನ್ನು ಬೆಳೆಸಿಕೊಂಡರು. ಕ್ರಮವಿಧಿಯು ಪರದೆಯನ್ನು ಕಳುಹಿಸಿ ತನ್ನ ಕೆಲಸವನ್ನು ಮುಗಿಸಿಬಿಡುತ್ತದೆ. ಮುಂದಿನ ಹೆಜ್ಜೆಗೆ ಬೇಕಾದ ಅಲ್ಪ ಮಾಹಿತಿಯನ್ನು ‘ಸಂವಹನ ಪ್ರದೇಶ’ವೆಂಬ ಚಿಕ್ಕ ಗಂಟಿನಲ್ಲಿ ಬಿಟ್ಟುಹೋಗುತ್ತದೆ. ಗುಮಾಸ್ತನು ಕೀಲಿ ಒತ್ತಿದಾಗ ಹೊಸದಾಗಿ ಆರಂಭವಾಗಿ ಆ ಗಂಟನ್ನು ಬಿಚ್ಚಿ ಮುಂದುವರಿಯುತ್ತದೆ. ನೋಡುವವನಿಗೆ ಇದು ನಿರಂತರ ಸಂಭಾಷಣೆ. ಯಂತ್ರಕ್ಕೆ ಬಿಡಿಬಿಡಿಯಾದ ಕೆಲಸಗಳ ಸರಣಿ. ಹಿಂದಿನದರ ನೆನಪಿಲ್ಲದೆ ಒಂದೊಂದು ಕೋರಿಕೆಯನ್ನೂ ಪ್ರತ್ಯೇಕವಾಗಿ ನಿರ್ವಹಿಸುವ ಜಾಲದ ವಿಧಾನಕ್ಕೂ ಇದಕ್ಕೂ ಇರುವ ಸಾಮ್ಯವು ಮುಂದೆ ಇವೆರಡರ ಕೂಡಿಕೆಯನ್ನು ಸುಲಭಗೊಳಿಸಿತು.

ಆದರೆ ಒಂದು ತೊಡಕು ಉಳಿಯಿತು. ಪರದೆಯ ವಿನ್ಯಾಸವನ್ನು ಕ್ರಮವಿಧಿಯಿಂದ ಬೇರೆಯಾಗಿ ಬರೆದಿಡುವ ಅನುಕೂಲವು ಸಿಐಸಿಎಸ್‌ನಲ್ಲಿದ್ದರೂ, ಯಾವ ಕ್ಷೇತ್ರ ಖಾಲಿಯಿರಬಾರದು, ಯಾವ ಕೀಲಿ ಒತ್ತಿದರೆ ಯಾವ ಲೆಕ್ಕ ನಡೆಯಬೇಕು, ತಪ್ಪಾದರೆ ಕರ್ಸರ್ ಎಲ್ಲಿ ನಿಲ್ಲಬೇಕು ಎಂಬ ಪರದೆಯ ವಿಚಾರಗಳೂ ಬಡ್ಡಿ, ರಿಯಾಯಿತಿ, ಅರ್ಹತೆಗಳಂತಹ ವ್ಯವಹಾರದ ನಿಯಮಗಳೂ ಒಂದೇ ಕ್ರಮವಿಧಿಯಲ್ಲಿ ಹೆಣೆದುಕೊಂಡವು. ಅಂದಿನ ಕ್ರಮವಿಧಿಕಾರರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಪರದೆಯನ್ನು ಬಿಟ್ಟು ಬೇರೆ ದಾರಿಯಿಂದ ಯಾರಾದರೂ ಆ ನಿಯಮಗಳನ್ನು ಕೇಳಿಯಾರೆಂದು ಊಹಿಸಲು ಅವರಿಗೆ ಕಾರಣವಿರಲಿಲ್ಲ. ನಿಯಮಗಳಲ್ಲಿ ಒಂದು ಪಾಲು ಕ್ರಮವಿಧಿಯಲ್ಲಿಯೂ ಇರಲಿಲ್ಲ, ಗುಮಾಸ್ತನ ಅನುಭವದಲ್ಲಿತ್ತು. ಯಾವ ಪರದೆಯ ನಂತರ ಯಾವುದನ್ನು ತೆರೆಯಬೇಕು, ಯಾವ ಸೂಚನೆಯನ್ನು ಅಲಕ್ಷಿಸಬಹುದು, ಯಾವುದನ್ನು ಕಂಡೊಡನೆ ಮೇಲಧಿಕಾರಿಗೆ ತಿಳಿಸಬೇಕು ಎಂಬ ಜ್ಞಾನವು ಬರವಣಿಗೆಗೆ ಬಂದುದು ಕಡಿಮೆ.

ಪರದೆಯನ್ನು ಓದುವ ಯಂತ್ರ

1981ರಲ್ಲಿ ಐಬಿಎಂ ವೈಯಕ್ತಿಕ ಗಣಕವು ಮಾರುಕಟ್ಟೆಗೆ ಬಂದ ಮೇಲೆ ಕಚೇರಿಯ ಮೇಜಿನ ಮೇಲೆ ಎರಡು ಯಂತ್ರಗಳು ಕಾಣಿಸಿಕೊಂಡವು. ಇವೆರಡನ್ನೂ ಒಂದಾಗಿಸಲು, ವೈಯಕ್ತಿಕ ಗಣಕವು 3270 ಟರ್ಮಿನಲ್‌ನ ವೇಷ ಧರಿಸುವಂತೆ ಮಾಡುವ ಯಂತ್ರಾಂಶಗಳೂ ತಂತ್ರಾಂಶಗಳೂ ಬಂದವು. ಐಬಿಎಂ ತಾನೇ 1983ರಲ್ಲಿ ‘3270 ಪಿಸಿ’ ಎಂಬ ಮಾದರಿಯನ್ನು ಹೊರತಂದಿತು. ಕೇಂದ್ರ ಗಣಕಕ್ಕೆ ಇದರಿಂದ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಆದರೆ ಇತ್ತ ಕಡೆ ಮೂಲಭೂತ ಬದಲಾವಣೆಯಾಗಿತ್ತು. ಪರದೆಯ 1920 ಅಕ್ಷರಗಳು ಈಗ ಗಾಜಿನ ಮೇಲೆ ಮಾತ್ರವಲ್ಲದೆ, ಕ್ರಮವಿಧಿಯೊಂದು ಓದಬಹುದಾದ ಸ್ಮೃತಿಕೋಶದಲ್ಲಿಯೂ ಇದ್ದವು.

ಈ ಅವಕಾಶವನ್ನು ಬಳಸಿಕೊಳ್ಳಲು 1980ರ ದಶಕದಲ್ಲಿ ಐಬಿಎಂ ರೂಪಿಸಿದ ಸಂಪರ್ಕ ವಿಧಾನವು ಎಚ್‌ಎಲ್‌ಎಲ್‌ಎಪಿಐ ಎಂದು ಹೆಸರಾಯಿತು. ಅದರ ಕಾರ್ಯಗಳಿಗೆ ಸಂಖ್ಯೆಗಳಿದ್ದವು: 1ನೆಯದು ಪರದೆಯ ಪ್ರತಿಯೊಡನೆ ಸಂಪರ್ಕ, 3ನೆಯದು ಕೀಲಿಗಳನ್ನು ಕಳುಹಿಸುವುದು, 4ನೆಯದು ಕಾಯುವುದು, 5ನೆಯದು ಪರದೆಯನ್ನು ನಕಲು ಮಾಡಿಕೊಳ್ಳುವುದು, 6ನೆಯದು ಪರದೆಯಲ್ಲಿ ಒಂದು ಪದವನ್ನು ಹುಡುಕುವುದು. ಗುಮಾಸ್ತನ ಕೈ, ಕಣ್ಣು ಮತ್ತು ತಾಳ್ಮೆಗಳನ್ನು ಹೀಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿಮಾಡಿದಂತಾಯಿತು. ಈ ವಿಧಾನಕ್ಕೆ ‘ಸ್ಕ್ರೀನ್ ಸ್ಕ್ರೇಪಿಂಗ್’, ಅಂದರೆ ಪರದೆಯನ್ನು ಕೆರೆದು ಮಾಹಿತಿ ತೆಗೆಯುವುದು, ಎಂಬ ಅಷ್ಟೇನೂ ಗೌರವವಿಲ್ಲದ ಹೆಸರು ಬಂದಿತು.

ಈ ವಿಧಾನದ ಗುಣದೋಷಗಳೆರಡೂ ಒಂದೇ ಮೂಲದಿಂದ ಹುಟ್ಟುತ್ತವೆ. ಕೇಂದ್ರ ಗಣಕದ ಕ್ರಮವಿಧಿಯ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ ಎಂಬುದು ಗುಣ. ಕ್ರಮವಿಧಿಯ ಮೂಲಪಾಠವೇ ಕಳೆದುಹೋಗಿರುವ ಕಡೆಯಲ್ಲಿಯೂ ಇದನ್ನು ನಡೆಸಬಹುದು. ಆದರೆ ಖಾತೆಯ ಬಾಕಿಯು 7ನೆಯ ಸಾಲಿನ 42ನೆಯ ಅಂಕಣದಿಂದ ಆರಂಭವಾಗುತ್ತದೆ ಎಂದು ನಂಬಿ ಬರೆದ ಕ್ರಮವಿಧಿಯು, ಪರದೆಯಲ್ಲಿ ಒಂದು ಹೊಸ ಸಾಲು ಸೇರಿದ ದಿನ ತಪ್ಪು ಅಂಕಿಯನ್ನು ಓದುತ್ತದೆ. ‘ಸಂಜೆ ಗಣಕ ನಿಲುಗಡೆಯಾಗಲಿದೆ’ ಎಂಬ ಪ್ರಕಟಣೆಯು ನಡುವೆ ಮೂಡಿದರೆ ಮನುಷ್ಯನು ಓದಿ ಮುಂದೆ ಹೋಗುತ್ತಾನೆ, ಯಂತ್ರವು ದಿಕ್ಕೆಡುತ್ತದೆ.

ಇದಕ್ಕಿಂತ ಗಂಭೀರವಾದುದು ಹಣಕಾಸಿನ ವ್ಯವಹಾರಗಳ ಅಖಂಡತೆಯ ಪ್ರಶ್ನೆ. ಮೇಲೆ ಹೇಳಿದ ರೂಢಿಯಂತೆ ಒಂದೊಂದು ಪರದೆಯ ಕೆಲಸವೂ ಪ್ರತ್ಯೇಕವಾಗಿ ಮುಗಿದು ದಾಖಲಾಗುತ್ತದೆ. ಒಂದು ಪರದೆಯಲ್ಲಿ ಒಬ್ಬರ ಖಾತೆಯಿಂದ ಹಣ ತೆಗೆದು, ಮುಂದಿನ ಪರದೆಯಲ್ಲಿ ಇನ್ನೊಬ್ಬರ ಖಾತೆಗೆ ಸೇರಿಸುವ ಪದ್ಧತಿಯಿದ್ದರೆ, ಎರಡರ ನಡುವೆ ಸಂಪರ್ಕ ಕಡಿದಾಗ ಗುಮಾಸ್ತನು ಅದನ್ನು ನೆನಪಿಟ್ಟು ಸರಿಪಡಿಸುತ್ತಾನೆ. ಆತನ ಸ್ಥಾನದಲ್ಲಿ ಕ್ರಮವಿಧಿಯನ್ನು ಕೂರಿಸಿದವರು ಈ ನೆನಪನ್ನೂ ಬರೆದು ಕೂರಿಸಬೇಕಾಗಿತ್ತು. ಹಳೆಯ ವ್ಯವಸ್ಥೆಯ ವಿಶ್ವಾಸಾರ್ಹತೆಯಲ್ಲಿ ಮನುಷ್ಯನ ಪಾಲೆಷ್ಟಿತ್ತೆಂಬುದು ಮನುಷ್ಯನನ್ನು ತೆಗೆದ ಮೇಲೆ ತಿಳಿದುಬಂದಿತು.

ಜಾಲದ ಮೊದಲ ಫಲ

ಹಳೆಯ ಕ್ರಮವಿಧಿಗಳಿಗೆ ಜಾಲದ ಮುಖವನ್ನು ತೊಡಿಸುವುದು ಜಾಲವು ಪ್ರೌಢವಾದ ಮೇಲೆ ಹುಟ್ಟಿದ ಯೋಚನೆಯೆಂಬ ಅಭಿಪ್ರಾಯವಿದೆ. ಜಾಲದ ಹುಟ್ಟಿನ ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಮಂಡಿಸಿದ ಯೋಜನೆಯು 1990ರ ಕೊನೆಗೆ ಕಾರ್ಯರೂಪಕ್ಕೆ ಬಂದಾಗ, ಅಲ್ಲಿನ ಬಹುತೇಕ ಸಿಬ್ಬಂದಿಗೆ ಅದರ ಉಪಯೋಗ ಕಾಣಲಿಲ್ಲ. ಅವರನ್ನು ಸೆಳೆದದ್ದು ಸಂಸ್ಥೆಯ ದೂರವಾಣಿ ಪುಸ್ತಕ. ಆ ಪುಸ್ತಕವು ಮೇನ್‌ಫ್ರೇಮ್‌ನಲ್ಲಿತ್ತು. ಒಂದು ಸಂಖ್ಯೆಗಾಗಿ ಮೇನ್‌ಫ್ರೇಮ್ ಪ್ರವೇಶಿಸಿ ಹುಡುಕಬೇಕಾಗಿತ್ತು. ಬರ್ನ್ಡ್ ಪೊಲರ್‌ಮನ್ ಅವರು ಆ ಮಾಹಿತಿಯನ್ನು ಜಾಲದ ಮೂಲಕ ಒದಗಿಸುವ ಸೇವೆಯನ್ನು ಮೇನ್‌ಫ್ರೇಮ್ ಮೇಲೆಯೇ ರಚಿಸಿದರು. ನಿಕೋಲಾ ಪೆಲ್ಲೊ ಅವರು ಬರೆದ ಸಾಲುವಾರು ವೀಕ್ಷಕವು ಸಾಧಾರಣ ಟರ್ಮಿನಲ್‌ಗಳಲ್ಲಿಯೂ ನಡೆಯುತ್ತಿದ್ದುದರಿಂದ ಇದು ಎಲ್ಲರಿಗೂ ದೊರಕಿತು.

ಇನ್ನೊಂದು ನಿದರ್ಶನವು ಗ್ರಂಥಾಲಯ ಕ್ಷೇತ್ರಕ್ಕೆ ಸೇರಿದುದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರೇಖೀಯ ವೇಗವರ್ಧಕ ಕೇಂದ್ರದಲ್ಲಿ ಭೌತವಿಜ್ಞಾನದ ಪ್ರಬಂಧಗಳ ಸೂಚಿಯಾದ ಸ್ಪೈರ್ಸ್ ದತ್ತಸಂಚಯವು 1970ರ ದಶಕದಿಂದ ಐಬಿಎಂ ಮೇನ್‌ಫ್ರೇಮ್ ಮೇಲೆ ನಡೆಯುತ್ತಿತ್ತು. ಭೌತವಿಜ್ಞಾನಿ ಪಾಲ್ ಕುಂಜ್ ಅವರು 1991ರ ಸೆಪ್ಟೆಂಬರಿನಲ್ಲಿ ಸರ್ನ್‌ಗೆ ಹೋಗಿದ್ದಾಗ ಜಾಲದ ಪ್ರಾತ್ಯಕ್ಷಿಕೆಯನ್ನು ಕಂಡು, ಹಿಂತಿರುಗಿದ ಮೇಲೆ ಗ್ರಂಥಾಲಯದ ಲೂಯಿಸ್ ಆಡಿಸ್ ಅವರಿಗೆ ತಿಳಿಸಿದರು. ಆ ದತ್ತಸಂಚಯಕ್ಕೆ ಇದರಿಂದಾಗುವ ಪ್ರಯೋಜನವನ್ನು ಮನಗಂಡ ಆಡಿಸ್ ಅವರು ಕಾರ್ಯವನ್ನು ಒತ್ತಾಸೆಯಿಂದ ಮುಂದುವರಿಸಿದರು. 1991ರ ಡಿಸೆಂಬರ್ 12ರಂದು ಆರಂಭವಾದ ಆ ಸೇವೆಯು ಉತ್ತರ ಅಮೆರಿಕದ ಮೊದಲ ಜಾಲ ಪರಿಚಾರಕವೆಂದು ಪ್ರಸಿದ್ಧವಾಗಿದೆ. ಅದು ನಡೆದದ್ದು ಮೇನ್‌ಫ್ರೇಮ್ ಮೇಲೆ. ಅದು ತೆರೆದಿಟ್ಟದ್ದು ಟರ್ಮಿನಲ್ ಕಾಲದ ದತ್ತಸಂಚಯವನ್ನು. ಅಂದಮೇಲೆ ಹಳೆಯ ವ್ಯವಸ್ಥೆಯನ್ನು ಹೊರಜಗತ್ತಿಗೆ ತೆರೆಯುವುದು ಜಾಲದ ಉಪಫಲವಲ್ಲ, ಮೊದಲ ಫಲಗಳಲ್ಲಿ ಒಂದು ಎನ್ನಲು ಅಡ್ಡಿಯಿಲ್ಲ.

ವಿಮಾನಯಾನ ಕ್ಷೇತ್ರದಲ್ಲಿ ಈ ದಾರಿ ಇನ್ನೂ ಮೊದಲೇ ತೆರೆದಿತ್ತು. ಸೇಬರ್ ಟರ್ಮಿನಲ್‌ಗಳು 1976ರಿಂದ ಪ್ರವಾಸ ಮಧ್ಯವರ್ತಿಗಳ ಕಚೇರಿಗಳಿಗೆ ಬಂದಿದ್ದವು; 1985ರಲ್ಲಿ ವೈಯಕ್ತಿಕ ಗಣಕವುಳ್ಳ ಗ್ರಾಹಕರೇ ಬಳಸಬಹುದಾದ ‘ಈಸಿ ಸೇಬರ್’ ಬಂದಿತು; 1996ರಲ್ಲಿ ‘ಟ್ರಾವೆಲಾಸಿಟಿ’ ಜಾಲತಾಣ ಆರಂಭವಾಯಿತು. ಒಂದೇ ಕಾಯ್ದಿರಿಸುವ ವ್ಯವಸ್ಥೆಯ ಮುಂದೆ ಗುಮಾಸ್ತ, ಮಧ್ಯವರ್ತಿ, ಗ್ರಾಹಕ ಎಂಬ ಕ್ರಮದಲ್ಲಿ ಜನ ಬದಲಾದರು.

ಇದೇ ಅವಧಿಯಲ್ಲಿ 3270ರ ಸಂದೇಶಗಳನ್ನು ಅಂತರಜಾಲದ ಟೆಲ್‌ನೆಟ್ ನಿಯಮಾವಳಿಯ ಮೂಲಕ ಸಾಗಿಸುವ ‘ಟಿಎನ್ 3270’ ಪದ್ಧತಿಯು ನೆಲೆಗೊಂಡು, 1994ರಲ್ಲಿ ಅಂತರಜಾಲದ ಅಧಿಕೃತ ದಾಖಲೆಗಳಲ್ಲಿ ವಿವರಿಸಲ್ಪಟ್ಟಿತು. ವಿಶೇಷ ತಂತಿ, ವಿಶೇಷ ನಿಯಂತ್ರಕಗಳ ಅಗತ್ಯ ತಪ್ಪಿತು. ಇದರಿಂದ ಯಾವ ಪರಿಚಾರಕ ಯಂತ್ರವಾದರೂ ನೂರಾರು ಟರ್ಮಿನಲ್‌ಗಳ ವೇಷವನ್ನು ಏಕಕಾಲಕ್ಕೆ ಧರಿಸುವುದು ಸಾಧ್ಯವಾಯಿತು.

ಜಾಲಸೇವೆಗಳ ಕಾಲ

ಇಲ್ಲಿಯವರೆಗಿನ ಪ್ರಯತ್ನಗಳಲ್ಲಿ ಕೊನೆಯ ಓದುಗ ಮನುಷ್ಯನೇ. ಯಂತ್ರವೇ ಯಂತ್ರವನ್ನು ಕೇಳುವ ಸಾಮಾನ್ಯ ಭಾಷೆಗೆ ನೆಲೆಗಟ್ಟು ಒದಗಿದ್ದು 1998ರ ಫೆಬ್ರುವರಿಯಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟವು ಎಕ್ಸ್‌ಎಂಎಲ್ ಅನ್ನು ಅಂಗೀಕರಿಸಿದಾಗ. ಅದರ ಆಧಾರದ ಮೇಲೆ ರೂಪುಗೊಂಡ ‘ಸೋಪ್’ ಸಂದೇಶ ವಿಧಾನದ 1.1ನೆಯ ಆವೃತ್ತಿಯು 2000ದ ಮೇ ತಿಂಗಳಲ್ಲಿ ಒಕ್ಕೂಟದ ಟಿಪ್ಪಣಿಯಾಗಿ ಪ್ರಕಟವಾಯಿತು. ಸೇವೆಯೊಂದು ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ ಎಂಬುದನ್ನು ಯಂತ್ರವು ಓದಬಲ್ಲಂತೆ ವಿವರಿಸುವ ಡಬ್ಲ್ಯೂಎಸ್‌ಡಿಎಲ್ 2001ರ ಮಾರ್ಚಿನಲ್ಲಿ ಬಂದಿತು. 2003ರ ಜೂನ್‌ನಲ್ಲಿ ಸೋಪ್ 1.2 ಪೂರ್ಣ ಶಿಫಾರಸಿನ ಸ್ಥಾನ ಪಡೆಯಿತು.

ಹಳೆಯ ಕ್ರಮವಿಧಿಯನ್ನು ಈ ಹೊಸ ಭಾಷೆಗೆ ತರಲು ಮೂರು ಮಾರ್ಗಗಳು ರೂಪುಗೊಂಡವು. ಮೊದಲನೆಯದು ಪರದೆಯ ಮಟ್ಟದ ಮಾರ್ಗ. ನುರಿತ ಗುಮಾಸ್ತನೊಬ್ಬ ಐದಾರು ಪರದೆಗಳನ್ನು ದಾಟಿ ಒಂದು ಕೆಲಸ ಮಾಡುವುದನ್ನು ದಾಖಲಿಸಿಕೊಂಡು, ಆ ಇಡೀ ನಡೆಯನ್ನು ಒಂದೇ ಸೇವೆಯ ಹೆಸರಿನಲ್ಲಿ ಕಟ್ಟಿಕೊಡುವುದು ಇದರ ಕ್ರಮ. ಈ ಶತಮಾನದ ಮೊದಲ ವರ್ಷಗಳಲ್ಲಿ ಐಬಿಎಂನ ಹ್ಯಾಟ್ಸ್ ಮೊದಲಾದ ಉಪಕರಣಗಳು ಇದಕ್ಕೆ ಬಳಕೆಯಾದವು. ಹಿಂದೆ ಹೇಳಿದ ಪರದೆ ಕೆರೆಯುವ ವಿಧಾನವೇ ಇಲ್ಲಿ ಸುಸಂಸ್ಕೃತ ರೂಪದಲ್ಲಿ ಮುಂದುವರಿಯಿತು.

ಎರಡನೆಯದು ಸೇತುವೆಯ ಮಾರ್ಗ. ಸಿಐಸಿಎಸ್ ತನ್ನೊಳಗೆಯೇ 3270 ಸೇತುವೆಯೊಂದನ್ನು ಒದಗಿಸಿತು. ಕ್ರಮವಿಧಿಯು ಪರದೆಗೆ ಬರೆಯುತ್ತಿದ್ದೇನೆಂದೇ ಭಾವಿಸುತ್ತದೆ. ಆದರೆ ಟರ್ಮಿನಲ್ ಎಲ್ಲಿಯೂ ಇರುವುದಿಲ್ಲ. ಪರದೆಯ ಸ್ಥಾನಗಳ ಬದಲು ಕ್ಷೇತ್ರಗಳ ಹೆಸರುಗಳ ಮೂಲಕವೇ ದತ್ತಾಂಶವನ್ನು ಪಡೆಯಬಹುದಾದುದರಿಂದ ಸಾಲು-ಅಂಕಣಗಳ ಅವಲಂಬನೆ ಕಡಿಮೆಯಾಯಿತು.

ಮೂರನೆಯದು ಕ್ರಮವಿಧಿಯ ಮಟ್ಟದ ಮಾರ್ಗ. ಪರದೆಯ ಭಾಗವನ್ನೂ ವ್ಯವಹಾರದ ಭಾಗವನ್ನೂ ಬಿಡಿಸಿ, ವ್ಯವಹಾರದ ಭಾಗವನ್ನು ಸಂವಹನ ಪ್ರದೇಶದ ಮೂಲಕ ನೇರವಾಗಿ ಕರೆಯುವುದು ಇದರ ತಿರುಳು. 2005ರಲ್ಲಿ ಹೊರಬಂದ ಸಿಐಸಿಎಸ್ ವ್ಯವಹಾರ ಪರಿಚಾರಕದ 3.1ನೆಯ ಆವೃತ್ತಿಯು ಜಾಲಸೇವೆಗಳಿಗೆ ತನ್ನಲ್ಲಿಯೇ ಆಸರೆ ನೀಡಿತು. ಕೋಬಾಲ್‌ನಲ್ಲಿ ಬರೆದ ದತ್ತಾಂಶ ವಿನ್ಯಾಸವನ್ನು ಕೊಟ್ಟರೆ ಸೇವೆಯ ವಿವರಣೆಯನ್ನು ತಯಾರಿಸುವ ಸಾಧನವೂ, ವಿವರಣೆಯನ್ನು ಕೊಟ್ಟರೆ ಕೋಬಾಲ್ ವಿನ್ಯಾಸವನ್ನು ತಯಾರಿಸುವ ಸಾಧನವೂ ಅದರೊಡನೆ ಬಂದವು. 32 ಸಾವಿರ ಬೈಟುಗಳ ಆಸುಪಾಸಿಗೆ ಸೀಮಿತವಾಗಿದ್ದ ಸಂವಹನ ಪ್ರದೇಶದ ಮಿತಿಯನ್ನು ದಾಟುವ ಹೊಸ ಏರ್ಪಾಡೂ ಅದೇ ಆವೃತ್ತಿಯಲ್ಲಿತ್ತು. ಈ ಮಾರ್ಗವು ಅತ್ಯಂತ ಭದ್ರವಾದುದು; ಆದರೆ ಹಳೆಯ ಕ್ರಮವಿಧಿಯನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಬೇಕು. ಅಂಥವರು ನಿವೃತ್ತರಾಗುತ್ತಿದ್ದ ಕಾಲವೂ ಅದೇ ಆಗಿತ್ತು.

ಗ್ರಂಥಾಲಯಗಳು ಈ ವಿಷಯದಲ್ಲಿ ಭಿನ್ನ ದಾರಿ ಹಿಡಿದವು. ಅಮೆರಿಕದ ಒಹಾಯೋ ವಿಶ್ವವಿದ್ಯಾಲಯದ ಆಲ್ಡೆನ್ ಗ್ರಂಥಾಲಯದಲ್ಲಿ 1971ರ ಆಗಸ್ಟ್ 26ರಂದು ಓಸಿಎಲ್‌ಸಿಯ ಟರ್ಮಿನಲ್ ಮೂಲಕ ಸೂಚೀಕರಣ ಆರಂಭವಾದಂದಿನಿಂದ ಗ್ರಂಥಸೂಚಿಯೂ ಪರದೆಯ ವಸ್ತುವಾಯಿತು. ಆದರೆ ಪರದೆಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದನ್ನು ಮನಗಂಡ ಗ್ರಂಥಪಾಲಕರು, ಪರದೆಯನ್ನು ಅವಲಂಬಿಸದೆ ಒಂದು ಸೂಚಿಯು ಮತ್ತೊಂದನ್ನು ಹುಡುಕುವ Z39.50 ಎಂಬ ಮಾನಕವನ್ನು 1988ರಲ್ಲಿಯೇ ರೂಪಿಸಿದರು. ಜಾಲಸೇವೆಗಳ ಕಾಲದಲ್ಲಿ ಅದೇ ಅನುಭವವು ಸೋಪ್ ಆಧಾರಿತ ಎಸ್‌ಆರ್‌ಡಬ್ಲ್ಯೂ ಮತ್ತು ಅದರ ಸರಳ ರೂಪವಾದ ಎಸ್‌ಆರ್‌ಯು ಎಂಬ ಶೋಧ ವಿಧಾನಗಳಿಗೆ ದಾರಿಯಾಯಿತು. ವಾಣಿಜ್ಯ ಜಗತ್ತು ಕಷ್ಟಪಟ್ಟು ಕಲಿತ ಪಾಠವನ್ನು ಗ್ರಂಥಾಲಯ ಜಗತ್ತು ಮೊದಲೇ ಕಂಡುಕೊಂಡಿತ್ತು.

ಭಾರತದ ಸಂದರ್ಭ

ಐಬಿಎಂ ಸಂಸ್ಥೆಯು 1978ರಲ್ಲಿ ಭಾರತವನ್ನು ಬಿಟ್ಟುಹೋದುದರಿಂದ ಇಲ್ಲಿನ ದೊಡ್ಡ ವ್ಯವಸ್ಥೆಗಳು ಬೇರೆ ಯಂತ್ರಗಳ ಮೇಲೆ ಬೆಳೆದವು. ರೈಲ್ವೆಯ ಆಸನ ಕಾಯ್ದಿರಿಸುವ ವ್ಯವಸ್ಥೆಯು 1985ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಸಾರ್ವಜನಿಕ ಕ್ಷೇತ್ರದ ಸಿಎಂಸಿ ಸಂಸ್ಥೆಯು ಅದನ್ನು ಡಿಜಿಟಲ್ ಸಂಸ್ಥೆಯ ವ್ಯಾಕ್ಸ್ ಗಣಕಗಳ ಮೇಲೆ ರೂಪಿಸಿತು. ಕಿಟಕಿಯ ಒಳಗಿನ ಸಿಬ್ಬಂದಿಯ ಟರ್ಮಿನಲ್‌ಗಾಗಿಯೇ ರಚಿತವಾದ ವ್ಯವಸ್ಥೆ ಅದು. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದುಗಳ ಪ್ರತ್ಯೇಕ ಕೇಂದ್ರಗಳನ್ನು 1999ರಲ್ಲಿ ‘ಕನ್ಸರ್ಟ್’ ಯೋಜನೆಯಡಿ ಒಂದು ಜಾಲವಾಗಿ ಬೆಸೆಯಲಾಯಿತು. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಸಂಸ್ಥೆಯು ಅಂತರಜಾಲದ ಮೂಲಕ ಟಿಕೆಟ್ ನೀಡತೊಡಗಿದಾಗ ಹೊಸದೊಂದು ಆಸನ ಪಟ್ಟಿ ಹುಟ್ಟಲಿಲ್ಲ. ಕಿಟಕಿಯಲ್ಲಿ ನಿಂತವರೂ ಮನೆಯಲ್ಲಿ ಕುಳಿತವರೂ ಒಂದೇ ಪಟ್ಟಿಯಿಂದ ಆಸನ ಪಡೆದರು. ಮೊದಮೊದಲು ಮುದ್ರಿತ ಟಿಕೆಟ್ಟನ್ನು ಅಂಚೆ ವಾಹಕರ ಮೂಲಕ ಮನೆಗೆ ತಲಪಿಸಲಾಗುತ್ತಿದ್ದು, 2005ರಲ್ಲಿ ಇ-ಟಿಕೆಟ್ ಬಂದಿತು.

ಇಂತಹ ಕೂಡಿಕೆಯಲ್ಲಿ ಹಳೆಯ ಪದರವು ಹೇಗೆ ಉಳಿಯುತ್ತದೆಂಬುದಕ್ಕೆ ನಿಲ್ದಾಣಗಳ ಸಂಕೇತಗಳೇ ಸಾಕ್ಷಿ. 2014ರ ನವೆಂಬರ್ 1ರಂದು ಕರ್ನಾಟಕದ ನಗರಗಳ ಇಂಗ್ಲಿಷ್ ಹೆಸರುಗಳು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ ಎಂದು ಕನ್ನಡದ ಉಚ್ಚಾರಣೆಗೆ ಮರಳಿದವು. ಆದರೆ ಬೆಂಗಳೂರು ನಗರ ನಿಲ್ದಾಣಕ್ಕೆ ಎಸ್‌ಬಿಸಿ, ಹುಬ್ಬಳ್ಳಿಗೆ ಯುಬಿಎಲ್, ಬಳ್ಳಾರಿಗೆ ಬಿಎವೈ ಎಂಬ ಹಳೆಯ ಸಂಕೇತಗಳು ಹಾಗೆಯೇ ಮುಂದುವರಿದವು. ಹೆಸರು ಮೇಲ್ಪದರದ್ದು, ಅದನ್ನು ಬದಲಿಸಬಹುದು. ಸಂಕೇತವು ಕೆಳಪದರದ್ದು, ಅಸಂಖ್ಯ ಕ್ರಮವಿಧಿಗಳು ಅದನ್ನು ನಂಬಿವೆ.

ಕರ್ನಾಟಕಕ್ಕೂ ಈ ಚರಿತ್ರೆಗೂ ಇನ್ನೊಂದು ನೇರ ಸಂಬಂಧವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು ಉಪಗ್ರಹ ಸಂಪರ್ಕದ ದಾರಿಯನ್ನು ತೋರಿಸಿದ ಮೇಲೆ, ದೂರದ ಗಣಕವನ್ನು ಇಲ್ಲಿಂದಲೇ ನಿರ್ವಹಿಸುವುದು ಉದ್ಯಮವಾಗಿ ಬೆಳೆಯಿತು. 80 ಅಂಕಣಗಳ ಮಿತವ್ಯಯದಿಂದಾಗಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದ ರೂಢಿಯು 2000ದ ಸಮಸ್ಯೆಯಾಗಿ ಎದುರಾದಾಗ, ಕೋಬಾಲ್ ಕ್ರಮವಿಧಿಗಳನ್ನು ಸಾಲುಸಾಲಾಗಿ ಪರಿಶೀಲಿಸುವ ಕೆಲಸದಲ್ಲಿ ಬೆಂಗಳೂರಿನ ಕಂಪನಿಗಳು ದೊಡ್ಡ ಪಾಲು ಪಡೆದವು. ತಾವು ಎಂದೂ ಕಾಲಿಡದ ಬ್ಯಾಂಕುಗಳ, ವಿಮಾ ಕಚೇರಿಗಳ ಪರದೆಗಳನ್ನು ಕನ್ನಡನಾಡಿನ ತರುಣ ತಂತ್ರಜ್ಞರು ಓದಿ ಅರ್ಥಮಾಡಿಕೊಂಡರು. ಮುಂದೆ ಆ ಕ್ರಮವಿಧಿಗಳನ್ನು ಸೇವೆಗಳಾಗಿ ಹೊದಿಸುವ ಕೆಲಸ ಬಂದಾಗ ಈ ಓದೇ ಬಂಡವಾಳವಾಯಿತು.

ಭದ್ರತೆ, ಭಾಷೆ ಮತ್ತು ಹೊಣೆ

ಪರದೆಯನ್ನು ಸೇವೆಯಾಗಿಸಿದಾಗ ಎದುರಾದ ಸಮಸ್ಯೆಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಭದ್ರತೆ. 3270 ಪರದೆಯಲ್ಲಿ ಮುಟ್ಟಬಾರದ ಕ್ಷೇತ್ರವನ್ನು ಕಾಯುವುದು ಟರ್ಮಿನಲ್. ಕೇಂದ್ರ ಗಣಕವು ಅದನ್ನು ಕೇವಲ ಸೂಚಿಸಿರುತ್ತದೆ. ಟರ್ಮಿನಲ್‌ನ ವೇಷ ಧರಿಸಿದ ಕ್ರಮವಿಧಿಯು ಆ ಸೂಚನೆಯನ್ನು ಪಾಲಿಸಲೇಬೇಕೆಂದಿಲ್ಲ. ಬಾಗಿಲು ಹಾಕಿದ ಕಚೇರಿಯೊಳಗಿನ ನಂಬಿಕೆಯ ಮೇಲೆ ಕಟ್ಟಿದ ಕ್ರಮವಿಧಿಯನ್ನು ಹೊರಜಗತ್ತಿಗೆ ತೆರೆದಾಗ, ಆ ನಂಬಿಕೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಬೇರೊಬ್ಬರ ಗುಪ್ತಪದವನ್ನು ಪಡೆದು ಅವರ ಹೆಸರಿನಲ್ಲಿ ಪರದೆಯನ್ನು ಓದುವ ಪದ್ಧತಿಯು ಬ್ಯಾಂಕುಗಳ ಜಾಲತಾಣಗಳಿಗೂ ಹಬ್ಬಿದಾಗ ಕಾನೂನು ಮಧ್ಯೆ ಪ್ರವೇಶಿಸಿತು. ಯುರೋಪಿನ ಒಕ್ಕೂಟವು 2015ರ ಪಾವತಿ ಸೇವಾ ನಿರ್ದೇಶನ ಮತ್ತು 2019ರ ಸೆಪ್ಟೆಂಬರಿನಿಂದ ಅನ್ವಯವಾದ ತಾಂತ್ರಿಕ ನಿಯಮಗಳ ಮೂಲಕ ಇದಕ್ಕೆ ಕಡಿವಾಣ ಹಾಕಿತು. ಭಾರತದಲ್ಲಿ ರಿಸರ್ವ್ ಬ್ಯಾಂಕು 2016ರಲ್ಲಿ ರೂಪಿಸಿದ ಖಾತೆ ಸಂಕಲನಕಾರರ ನಿಯಮಗಳು, ಗ್ರಾಹಕನ ಸ್ಪಷ್ಟ ಒಪ್ಪಿಗೆಯಿಂದ ಸೇವೆಯ ಮೂಲಕವೇ ಮಾಹಿತಿ ಸಾಗುವ ದಾರಿಯನ್ನು ಹಾಕಿಕೊಟ್ಟವು.

ಎರಡನೆಯದು ಭಾಷೆ. ಐಬಿಎಂ ಮೇನ್‌ಫ್ರೇಮ್‌ನ ಅಕ್ಷರ ಸಂಕೇತಾವಳಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು. ಅದರಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. 20 ಬೈಟುಗಳ ಹೆಸರಿನ ಕ್ಷೇತ್ರದಲ್ಲಿ ರೋಮನ್ ಲಿಪಿಯ 20 ಅಕ್ಷರಗಳು ಹಿಡಿದರೆ ಕನ್ನಡದ ಆರು ಸಂಕೇತಗಳಷ್ಟೇ ಹಿಡಿಯುತ್ತವೆ. ಒತ್ತಕ್ಷರ, ಸ್ವರಚಿಹ್ನೆಗಳೂ ಈ ಆರರೊಳಗೇ ಬರಬೇಕು. ಮುಂದಿನ ಪುಟವು ಎಷ್ಟೇ ಅಚ್ಚುಕಟ್ಟಾಗಿ ಕನ್ನಡದಲ್ಲಿದ್ದರೂ ಹಿಂದಿನ ಕ್ಷೇತ್ರವು ಹೆಸರನ್ನು ರೋಮನ್ ಲಿಪಿಗೆ ಇಳಿಸಿ, ಕೆಲವೊಮ್ಮೆ ಮೊಟಕುಗೊಳಿಸಿ ದಾಖಲಿಸುವುದಕ್ಕೆ ಇಂತಹ ಮಿತಿಯೇ ಕಾರಣ. ಹೊದಿಕೆಯು ಒಳಗಿನ ಅಳತೆಯನ್ನು ಬದಲಿಸಲಾರದು.

ಮೂರನೆಯದು ಹೊಣೆಗಾರಿಕೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಪಿಡುಗಿನಿಂದ ಅಮೆರಿಕದಲ್ಲಿ ನಿರುದ್ಯೋಗ ಪರಿಹಾರದ ಅರ್ಜಿಗಳು ಪ್ರವಾಹದಂತೆ ಬಂದು ವ್ಯವಸ್ಥೆಗಳು ಕುಸಿದಾಗ, ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಅವರು ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೋರಿದರು. ಅರವತ್ತು ವರ್ಷ ಹಳೆಯ ಭಾಷೆಯೇ ಅಪರಾಧಿಯೆಂದು ಪ್ರಚಾರವಾಯಿತು. ಗಣಕ ಚರಿತ್ರಕಾರ ಮಾರ್ ಹಿಕ್ಸ್ ಅವರು ಅದೇ ವರ್ಷ ಈ ತೀರ್ಮಾನವನ್ನು ಪ್ರಶ್ನಿಸಿ, ಎಡವಿದ್ದು ಹಿಂದಿನ ಕೋಬಾಲ್ ಅಲ್ಲ, ಮುಂದಿನ ಹೊಸ ಜಾಲತಾಣ ಎಂದು ವಾದಿಸಿದರು. ಹಳೆಯ ವ್ಯವಸ್ಥೆಯನ್ನು ಕಾಪಾಡುವ ಜನರನ್ನು ಕೆಲಸದಿಂದ ಬಿಡಿಸಿ, ಬಳಿಕ ವ್ಯವಸ್ಥೆಯನ್ನು ದೂರುವುದರ ಅನ್ಯಾಯವನ್ನೂ ಅವರು ಎತ್ತಿ ತೋರಿದರು. ಪದರಗಳು ಹೆಚ್ಚಿದಂತೆ ತಪ್ಪು ಯಾವ ಪದರದಲ್ಲಿದೆಯೆಂದು ಹೇಳುವುದು ಕಠಿಣವಾಗುತ್ತದೆ. ಅಷ್ಟರವರೆಗೆ ಪರಿಹಾರಕ್ಕಾಗಿ ಕಾಯುವವನು ಮಾತ್ರ ಕೆಲಸ ಕಳೆದುಕೊಂಡ ಅರ್ಜಿದಾರ.

ಉಪಸಂಹಾರ

ಸೋಪ್ ವಿಧಾನದ ಸ್ಥಾನವನ್ನು ಕಾಲಕ್ರಮದಲ್ಲಿ ಸರಳವಾದ ರೆಸ್ಟ್ ಶೈಲಿಯ ಸೇವೆಗಳು ಬಹುಮಟ್ಟಿಗೆ ಪಡೆದವು. ಮೇನ್‌ಫ್ರೇಮ್ ಕ್ರಮವಿಧಿಗಳನ್ನು ಆ ಶೈಲಿಯಲ್ಲಿ ತೆರೆಯಲು ಐಬಿಎಂ ‘ಝಡ್ ಓಎಸ್ ಕನೆಕ್ಟ್’ ಎಂಬ ಸಾಧನವನ್ನು ಹೊರತಂದಿತು. ಹೊದಿಕೆ ಬದಲಾಯಿತು, ಹೊದಿಸಲ್ಪಟ್ಟದ್ದು ಬದಲಾಗಲಿಲ್ಲ.

ಈ ಚರಿತ್ರೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಹಳೆಯ ಕ್ರಮವಿಧಿಯು ಉಳಿದದ್ದು ಕೇವಲ ಸೋಮಾರಿತನದಿಂದಲ್ಲ; ಸಂಸ್ಥೆಯೊಂದರ ದಶಕಗಳ ನಿರ್ಧಾರಗಳು ಅದರಲ್ಲಿ ಸಂಚಿತವಾಗಿದ್ದು, ಅವುಗಳನ್ನು ಬೇರೆಡೆ ಮತ್ತೆ ಬರೆಯಬಲ್ಲವರು ವಿರಳರಾಗಿದ್ದುದರಿಂದ. ಜಾಲಸೇವೆಯು ಈ ಸಂಚಯವನ್ನು ಕೆಡಿಸದೆ ಬಳಸುವ ದಾರಿಯನ್ನು ತೋರಿತು. ಇದು ಅದರ ನಿಜವಾದ ಸಾಧನೆ. ಆದರೆ ಸೇವೆಯಾಗಿ ತೆರೆದ ಮಾತ್ರಕ್ಕೆ ಕ್ರಮವಿಧಿಯು ಅರ್ಥವಾದಂತಾಗುವುದಿಲ್ಲ. ಒಳಗಿರುವುದನ್ನು ಓದಬಲ್ಲ ಕೊನೆಯ ವ್ಯಕ್ತಿ ನಿವೃತ್ತನಾದ ಮೇಲೂ ಹೊದಿಕೆಯು ಕೆಲಸ ಮಾಡುತ್ತಿರುತ್ತದೆ, ಹಾಗಾಗಿಯೇ ಆ ನಷ್ಟವು ಯಾರ ಗಮನಕ್ಕೂ ಬರುವುದಿಲ್ಲ. ಸ್ಪೈರ್ಸ್ ದತ್ತಸಂಚಯವನ್ನು ಜಾಲಕ್ಕೆ ತಂದವರಿಗೆ ಅದರ ಒಳಗು-ಹೊರಗುಗಳೆರಡೂ ತಿಳಿದಿದ್ದವು. ತಾಡವೋಲೆಯನ್ನು ಪ್ರತಿಮಾಡುವವನಿಗೆ ಹಳೆಯ ಲಿಪಿಯ ಪರಿಚಯ ಎಷ್ಟು ಅಗತ್ಯವೋ, ಹಳೆಯ ಪರದೆಗಳಿಗೆ ಹೊಸ ಬಾಗಿಲು ಇಡುವವನಿಗೆ ಆ ಕ್ರಮವಿಧಿಗಳ ಓದು ಅಷ್ಟೇ ಅಗತ್ಯ. ಪರದೆಗಳ ನಮೂನೆಗಳು, ಕ್ರಮವಿಧಿಗಳ ಮೂಲಪಾಠಗಳು, ಅವುಗಳನ್ನು ನಡೆಸಿದ ಸಿಬ್ಬಂದಿಯ ಕೈಪಿಡಿಗಳು ಗ್ರಂಥಾಲಯ ಮತ್ತು ದಾಖಲೆಗಾರಗಳ ಸಂಗ್ರಹಯೋಗ್ಯ ವಸ್ತುಗಳೆಂದು ಪರಿಗಣಿತವಾಗಬೇಕಾದುದು ಈ ಕಾರಣದಿಂದಲೇ.